ಮನೆಯ ನುಡಿಚರಿತ್ರೆಯನ್ನು ಬರೆದಿಡುವುದು ಹೇಗೆ

ಮಗಳನ್ನು ಶಾಲೆಗೆ ಸೇರಿಸುವ ದಿನ ಅರ್ಜಿಯಲ್ಲಿ ‘ಮಾತೃಭಾಷೆ’ ಎಂದಿದ್ದ ಸಾಲಿನ ಎದುರು ನಾನೂ ನನ್ನ ಹೆಂಡತಿಯೂ ಸ್ವಲ್ಪ ಹೊತ್ತು ಪೆನ್ನು ಹಿಡಿದು ಸುಮ್ಮನೆ ಕುಳಿತೆವು. ನನ್ನ ತಾಯಿ ಉಡುಪಿಯ ಕಡೆಯ ತುಳು ಮನೆಯವರು. ತಂದೆ ಬ್ರಹ್ಮಾವರ ದಾಟಿದ ಮೇಲೆ ಸಿಗುವ, ಕುಂದಾಪುರ ಕಡೆಯ ಕನ್ನಡವಾದ ಕುಂದಗನ್ನಡ ಆಡುವ ಊರಿನವರು. ಹೆಂಡತಿ ಧಾರವಾಡದವಳು, ಅವಳ ಅಜ್ಜಿ ಬೆಳಗಾವಿಯಿಂದ ಸೊಸೆಯಾಗಿ ಬರುವಾಗ ಮರಾಠಿಯನ್ನೂ ಜೊತೆಗೆ ತಂದವರು. ಮಗಳು ಬೆಂಗಳೂರಿನಲ್ಲಿ ಹುಟ್ಟಿ, ಕೆಳಗಿನ ಮನೆಯ ತೆಲುಗು ಮಕ್ಕಳೊಡನೆ ಆಡಿ ಬೆಳೆದವಳು. ಕೊನೆಗೆ ‘ಕನ್ನಡ’ ಎಂದು ಬರೆದೆವು. ಅದು ಸುಳ್ಳಲ್ಲ. ಆದರೆ ಆ ಒಂದು ಪದದಲ್ಲಿ ನಮ್ಮ ಮನೆಯ ಯಾರೊಬ್ಬರೂ ಪೂರ್ತಿಯಾಗಿ ಹಿಡಿಸುವುದಿಲ್ಲವೆಂದು ಇಬ್ಬರಿಗೂ ಅನಿಸಿತು.

ಆ ಬೇಸಿಗೆಯಲ್ಲಿ ನಾನು ನಮ್ಮ ಮನೆಯ ನುಡಿಚರಿತ್ರೆಯನ್ನು ಬರೆಯಲು ತೊಡಗಿದೆ. ವಂಶವೃಕ್ಷವನ್ನು ಬರೆದಿಟ್ಟವರು ಹಲವರಿದ್ದಾರೆ. ಆ ವಂಶದವರು ಏನು ಮಾತಾಡುತ್ತಿದ್ದರು ಎಂಬುದನ್ನು ಬರೆದಿಟ್ಟವರು ಕಡಿಮೆ. ಒಬ್ಬ ಮನುಷ್ಯ ಯಾರು ಎಂಬುದು ಅವನು ಹೇಳಿಕೊಳ್ಳುವ ಭಾಷೆಯ ಹೆಸರಿನಿಂದ ತಿಳಿಯುವುದು ಸ್ವಲ್ಪ ಮಾತ್ರ; ಯಾರೊಡನೆ ಯಾವ ಮಾತು ಆಡುತ್ತಾನೆ, ಯಾರು ಬಂದಾಗ ಮಾತನ್ನು ಬದಲಿಸುತ್ತಾನೆ, ಎಲ್ಲಿ ಬಾಯಿ ಬಿಡಲು ಹಿಂಜರಿಯುತ್ತಾನೆ ಎಂಬುದನ್ನು ಗಮನಿಸಿದರೆ ಉಳಿದದ್ದು ತಿಳಿಯುತ್ತದೆ. ಈ ಬರೆಹ ಅದನ್ನು ಹಿಡಿದಿಡುವ ಬಗೆಯ ಕುರಿತದ್ದು. ಇದಕ್ಕೆ ಭಾಷಾಶಾಸ್ತ್ರದ ಓದು ಬೇಕಿಲ್ಲ. ಒಂದು ದಪ್ಪ ನೋಟ್‌ಬುಕ್ಕು, ಧ್ವನಿ ಮುದ್ರಿಸಬಲ್ಲ ಒಂದು ಮೊಬೈಲು, ಮತ್ತು ಹಿರಿಯರ ಎದುರು ಸುಮ್ಮನೆ ಕುಳಿತುಕೊಳ್ಳುವ ತಾಳ್ಮೆ ಸಾಕು.

ಮೊದಲು ನಕ್ಷೆ

ದೊಡ್ಡ ಹಾಳೆಯೊಂದರಲ್ಲಿ ಮೂರು ತಲೆಮಾರಿನ ಹೆಸರುಗಳನ್ನು ಬರೆಯಿರಿ. ದಿನವೂ ಮಾತಾಡುವ, ಅಥವಾ ಮಾತಾಡುತ್ತಿದ್ದ, ಪ್ರತಿ ಇಬ್ಬರ ನಡುವೆ ಗೆರೆ ಎಳೆದು, ಆ ಗೆರೆಯ ಮೇಲೆ ಅವರಾಡುವ ಮಾತನ್ನು ಗುರುತಿಸಿ. ಗೆರೆಗೆ ಎರಡೂ ಕಡೆ ಬಾಣವಿರಲಿ, ಏಕೆಂದರೆ ಹೋಗುವ ಮಾತೂ ಬರುವ ಮಾತೂ ಒಂದೇ ಆಗಿರಬೇಕೆಂದೇನೂ ಇಲ್ಲ. ಅಜ್ಜಿ ಕೊಂಕಣಿಯಲ್ಲಿ ಕೇಳಿದ್ದಕ್ಕೆ ಮೊಮ್ಮಗ ಕನ್ನಡದಲ್ಲಿ ಉತ್ತರಿಸುವ ಮನೆಗಳು ಕರಾವಳಿಯಲ್ಲಿ ಎಷ್ಟೋ ಇವೆ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುವ ಮನೆಗಳು ನ್ಯೂಜೆರ್ಸಿಯಲ್ಲಿಯೂ ಇವೆ, ಜಯನಗರದಲ್ಲಿಯೂ ಇವೆ.

‘ಯಾವ ಯಾವ ಭಾಷೆ ಬರುತ್ತದೆ?’ ಎಂದು ಮಾತ್ರ ಕೇಳಬೇಡಿ. ‘ಬರುತ್ತದೆ’ ಎಂಬ ಪದದಲ್ಲಿ ಕೇಳಿದರೆ ತಿಳಿಯುವುದು, ಆಡಲು ಬರುವುದು, ಓದಲು ಬರುವುದು, ಬರೆಯಲು ಬರುವುದು ಎಂಬ ನಾಲ್ಕು ಸಂಗತಿಗಳು ಒಟ್ಟಿಗೆ ಸೇರಿಕೊಂಡಿವೆ. ನನ್ನ ತಾಯಿ ಪೇಟೆಯ ಅಂಗಡಿ ಸಾಲಿನಲ್ಲಿ ಬೆಳೆದುದರಿಂದ ಕೊಂಕಣಿಯ ಒಂದು ಮಾತನ್ನೂ ಬಿಡದೆ ಅರ್ಥಮಾಡಿಕೊಳ್ಳುತ್ತಾರೆ. ಆದರೆ ಎಪ್ಪತ್ತು ವರ್ಷಗಳಲ್ಲಿ ಅದರಲ್ಲಿ ಒಂದು ವಾಕ್ಯವನ್ನೂ ಆಡಿಲ್ಲ. ಕೇಳಿದರೆ, ‘ಅದು ಅವರ ಮಾತಲ್ಲವಾ?’ ಎನ್ನುತ್ತಾರೆ. ಆ ಉತ್ತರವೂ ನಕ್ಷೆಗೆ ಸೇರಬೇಕಾದದ್ದೇ.

ಮನುಷ್ಯರೊಡನೆ ಆಡುವ ಮಾತು ಮುಗಿದ ಮೇಲೆ ಬೇರೆ ಮಾತುಗಳನ್ನು ಕೇಳಿ: ದೇವರ ಎದುರು ಬೇಡಿಕೊಳ್ಳುವುದು ಯಾವುದರಲ್ಲಿ, ಹಸುವನ್ನು ಕರೆಯುವುದು ಯಾವುದರಲ್ಲಿ, ಸಿಟ್ಟು ಬಂದಾಗ ಬೈಯುವುದು ಯಾವುದರಲ್ಲಿ, ಹಣ ಎಣಿಸುವುದು ಯಾವುದರಲ್ಲಿ? ಎಣಿಕೆ ಸಾಮಾನ್ಯವಾಗಿ ಮಗ್ಗಿ ಕಲಿತ ಭಾಷೆಯಲ್ಲಿಯೇ ಉಳಿದುಬಿಡುತ್ತದೆ. ಹೆಂಡತಿಯ ಅಜ್ಜಿ ಐವತ್ತು ವರ್ಷ ಧಾರವಾಡದ ಕನ್ನಡದಲ್ಲಿ ಬಾಳಿದವರು. ಹಾಲಿನವನ ತಿಂಗಳ ಲೆಕ್ಕವನ್ನು ಮಾತ್ರ ಮರಾಠಿಯಲ್ಲಿಯೇ ಪಿಸುಗುಟ್ಟಿಕೊಳ್ಳುತ್ತಿದ್ದರಂತೆ.

ನಕ್ಷೆ ಗೋಜಲಾಗಿ ಕಂಡರೆ ಗಾಬರಿಯಾಗಬೇಡಿ. ಕನ್ನಡ ನಾಡಿನಲ್ಲಿ ಮನೆಮಾತು ಒಂದು, ಬರೆಹದ ಮಾತು ಇನ್ನೊಂದು ಎಂಬುದು ಹಳೆಯ ಸಂಗತಿ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗೋವಿಂದ ಪೈ ಮತ್ತು ಗಿರೀಶ ಕಾರ್ನಾಡರದು ಕೊಂಕಣಿ. ಇವರನ್ನು ಕನ್ನಡದವರಲ್ಲವೆಂದು ಯಾರೂ ಹೇಳುವುದಿಲ್ಲ.

ಯಾರನ್ನು ಏನೆಂದು ಕರೆಯುತ್ತಾರೆ

ನಾನು ಅತಿ ಹೆಚ್ಚು ಪುಟಗಳನ್ನು ತುಂಬಿಸಿದ್ದು ಇಲ್ಲಿ. ನಿಮ್ಮ ಸಮಯವೂ ಹೆಚ್ಚಾಗಿ ಇಲ್ಲಿಯೇ ಹೋಗಲಿ ಎನ್ನುತ್ತೇನೆ. ನೆಂಟಸ್ತಿಕೆಯ ಪದಗಳನ್ನು ಪಟ್ಟಿ ಮಾಡುವುದರೊಂದಿಗೆ ಮೊದಲು ಮಾಡಿ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಕನ್ನಡದ ಕಿವಿಗೆ ತಲೆಕೆಳಗಾಗಿ ಕೇಳುವ ಈ ಜೋಡಿಯಿಂದ ನಮ್ಮ ಮನೆಯಲ್ಲಿ ಆದ ತಮಾಷೆಗಳಿಗೆ ಲೆಕ್ಕವಿಲ್ಲ. ಅದೇ ತುಳುವಿನ ‘ತಮ್ಮಲೆ’ ಎಂಬ ಪದವನ್ನು ಸೋದರಮಾವ ಎಂದು ಬರೆದರೆ ಅರ್ಥ ಸರಿಯಾಗುತ್ತದೆ, ತೂಕ ಸರಿಯಾಗುವುದಿಲ್ಲ. ಆಸ್ತಿ ಸೋದರಿಯ ಸಂತಾನಕ್ಕೆ ಇಳಿಯುತ್ತಿದ್ದ ಅಳಿಯಸಂತಾನ ಕಟ್ಟಿನ ಮನೆಗಳಲ್ಲಿ ಆ ಪದ ಮನೆಯ ಯಜಮಾನನನ್ನೂ ಹೇಳುತ್ತಿತ್ತು. ಧಾರವಾಡದ ಕಡೆಯ ಕಾಕಾ, ಮಾವಶಿ, ವೈನಿ ಎಂಬ ಪದಗಳು ಮರಾಠಿಯೊಡನೆ ತಲೆಮಾರುಗಳ ಕಾಲ ನಡೆದ ಕೊಡುಕೊಳೆಯನ್ನು ಯಾವ ಇತಿಹಾಸದ ಪುಸ್ತಕವೂ ಇಲ್ಲದೆ ಹೇಳುತ್ತವೆ. ಪ್ರತಿ ಪದದ ಪಕ್ಕದಲ್ಲಿ ಅದನ್ನು ಕೊನೆಯದಾಗಿ ಬಳಸಿದವರು ಯಾರು ಎಂದು ಬರೆಯಿರಿ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆಯ ಗಂಡ ಎಲ್ಲರೂ ‘ಅಂಕಲ್’ ಆದದ್ದು ನಿಮ್ಮ ಮನೆಯಲ್ಲಿ ಯಾವ ಮಗುವಿನಿಂದ ಎಂಬುದನ್ನು ಹೆಚ್ಚುಕಡಿಮೆ ಇಂಥ ವರ್ಷವೆಂದು ಗುರುತಿಸಲು ಸಾಧ್ಯ.

ಅನಂತರ ಏಕವಚನ, ಬಹುವಚನಗಳಿಗೆ ಬನ್ನಿ. ತಾಯಿಗೆ ‘ನೀನು’, ತಂದೆಗೆ ‘ನೀವು’ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಹೆಂಡತಿ ಗಂಡನಿಗೆ ‘ರೀ’ ಎನ್ನುತ್ತಾಳೆ. ಗಂಡ ಅವಳನ್ನು ಹೆಸರು ಹಿಡಿದು ಕರೆಯುತ್ತಾನೆ, ಅಥವಾ ಹೆಸರೇ ಇಲ್ಲದೆ ‘ಏ’ ಎನ್ನುತ್ತಾನೆ. ಹವ್ಯಕರ ಕನ್ನಡದಲ್ಲಿ ಹೆಂಗಸರನ್ನು ‘ಅದು ಬಂತು’ ಎಂದು ನಪುಂಸಕಲಿಂಗದಲ್ಲಿ ಹೇಳುವ ರೂಢಿಯಿದೆ. ಹೊರಗಿನವರಿಗೆ ಅದು ಅಗೌರವವೆಂದು ಕೇಳಿಸುತ್ತದೆ, ಒಳಗಿನವರಿಗೆ ಹಾಗೆ ಅನಿಸುವುದಿಲ್ಲ. ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ತೀರ್ಪು ಕೊಡುವ ಮೊದಲು, ಹಾಗೆ ಕರೆಸಿಕೊಂಡವರನ್ನೇ ಕೇಳಿ ಬರೆಯಿರಿ.

ಮನೆಯಿಂದ ಹೊರಗೆ ಇದು ಇನ್ನೂ ಹರಿತವಾಗುತ್ತದೆ. ಊರಿನಲ್ಲಿ ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಿದ್ದರು ಎಂದು ಹಿರಿಯರನ್ನು ಕೇಳಿದರೆ ಆ ಊರಿನ ಜಾತಿ ಮತ್ತು ಜಮೀನಿನ ವ್ಯವಸ್ಥೆ ಹತ್ತು ನಿಮಿಷದಲ್ಲಿ ಕಣ್ಣೆದುರು ನಿಲ್ಲುತ್ತದೆ. ಅರವತ್ತು ದಾಟಿದ ಕೂಲಿಯಾಳನ್ನು ಜಮೀನ್ದಾರರ ಎಂಟು ವರ್ಷದ ಮಗ ‘ಬಾರೋ’ ಎನ್ನುವುದು, ಆ ಮುದುಕ ಆ ಮಗುವಿಗೆ ಕರಾವಳಿಯಲ್ಲಾದರೆ ‘ಧಣಿ’, ಮೈಸೂರು ಕಡೆಯಾದರೆ ‘ಬುದ್ಧಿ’ ಎನ್ನುವುದು ಬಹಳ ಹಿಂದಿನ ಮಾತಲ್ಲ. ನಿಮ್ಮ ಕುಟುಂಬ ಆ ಸಾಲಿನ ಯಾವ ತುದಿಯಲ್ಲಿತ್ತು ಎಂಬುದನ್ನು ಮುಚ್ಚಿಡದೆ ಬರೆಯಿರಿ. ನಮ್ಮ ಮನೆಯ ಪುಟದಲ್ಲಿ ಹೆಮ್ಮೆಪಡುವಂಥದ್ದೇನೂ ಸಿಗಲಿಲ್ಲ. ನನ್ನ ಅಜ್ಜ ಎಲ್ಲರನ್ನೂ ಏಕವಚನದಲ್ಲಿ ಕರೆಯುತ್ತಿದ್ದರು.

ವ್ಯಕ್ತಿಗಳ ಹೆಸರುಗಳನ್ನೂ ಬಿಡಬೇಡಿ. ಮನೆಯಲ್ಲಿ ಕರೆಯುವ ಹೆಸರು, ಶಾಲೆಯ ದಾಖಲೆಯ ಹೆಸರು, ಕೆಲಸದ ಜಾಗದ ಹೆಸರು ಒಂದೇ ಆಗಿದೆಯೇ ನೋಡಿ. ಹಳೇ ಮೈಸೂರಿನವರ ಹೆಸರಿಗಿಂತ ಮೊದಲು ಊರು, ತಂದೆಯ ಹೆಸರುಗಳ ಮೊದಲಕ್ಷರಗಳು ನಿಲ್ಲುತ್ತವೆ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರಿರುತ್ತದೆ, ಅದರ ಕೊನೆಗೆ ‘ಕರ’ ಎಂದಿದ್ದರೆ ಮರಾಠಿಯ ನೆರಳಿದೆ. ಕೊಡವರಿಗೆ ಮನೆತನದ ಹೆಸರಿಲ್ಲದೆ ಹೆಸರೇ ಪೂರ್ತಿಯಾಗುವುದಿಲ್ಲ. ಅರ್ಜಿಯ ‘ಸರ್‌ನೇಮ್’ ಎಂಬ ಖಾನೆಯನ್ನು ತುಂಬಿಸಲು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಹಿಗ್ಗಿಸಿ ಬರೆದ ಕತೆಯಿದ್ದರೆ ಅದೂ ಇಲ್ಲಿಗೇ ಸೇರುತ್ತದೆ.

ಹಿರಿಯರ ಮಾತನ್ನು ಮುದ್ರಿಸುವುದು

ಮೊದಲು ಅನುಮತಿ ಕೇಳಿ. ಏಕೆ ಮುದ್ರಿಸುತ್ತಿದ್ದೀರಿ, ಯಾರು ಯಾರು ಕೇಳಬಹುದು ಎಂಬುದನ್ನೂ ಹೇಳಿ. ಫ್ಯಾನು ಆರಿಸಿ, ಟಿವಿ ಆರಿಸಿ, ಮೊಬೈಲನ್ನು ಮಡಿಸಿದ ಟವೆಲಿನ ಮೇಲೆ ಮಾತಾಡುವವರ ಹತ್ತಿರ ಇಡಿ. ಮುಗಿದ ಕೂಡಲೇ ಕಡತಕ್ಕೆ ದಿನಾಂಕ, ಊರು, ಮಾತಾಡಿದವರ ಹೆಸರು ಕೊಟ್ಟುಬಿಡಿ. ಆರು ತಿಂಗಳ ನಂತರ ಯಾವುದು ಯಾವುದೆಂದು ನೆನಪಿರುವುದಿಲ್ಲ.

ಮೊಬೈಲು ಕಂಡ ಕೂಡಲೇ ಹಿರಿಯರು ಪುಸ್ತಕದ ಕನ್ನಡಕ್ಕೆ ಏರಿಬಿಡುವುದೇ ದೊಡ್ಡ ತೊಡಕು. ನನ್ನ ದೊಡ್ಡಮ್ಮ ಮೊದಲ ದಿನ ಆಕಾಶವಾಣಿಯ ವಾರ್ತೆಯಂತೆ ಮಾತಾಡಿದರು. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಪ್ರಶ್ನೆ ಕೇಳುವುದನ್ನು ಬಿಟ್ಟು ಇಬ್ಬರು ಹಿರಿಯರನ್ನು ಎದುರುಬದುರು ಕೂರಿಸಿ, ಹಳೆಯ ಫೋಟೊ ಒಂದನ್ನು ಅವರ ಕೈಗೆ ಕೊಟ್ಟು, ನಾವು ಸ್ವಲ್ಪ ಹಿಂದೆ ಸರಿದುಬಿಡುವುದು. ‘ಇದು ಯಾರ ಮದುವೆ?’ ಎಂಬ ಜಗಳ ಶುರುವಾದರೆ ನಿಜವಾದ ಮನೆಮಾತು ತಾನಾಗಿ ಹೊರಡುತ್ತದೆ.

ಪದಗಳನ್ನು ಕೇಳುವಾಗ ‘ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ?’ ಎಂದು ಕನ್ನಡ ಪದವನ್ನು ಹೇಳಿ ಅನುವಾದ ಕೇಳಬೇಡಿ, ವಸ್ತುವನ್ನೇ ತೋರಿಸಿ. ಅಡುಗೆಮನೆಗೆ ಹೋಗಿ ಒಂದೊಂದನ್ನೇ ಎತ್ತಿ ಹಿಡಿಯಿರಿ. ಮೈಸೂರಿನ ಮನೆಯ ಈಳಿಗೆಮಣೆ ನಮ್ಮ ಕಡೆ ಮೆಟ್ಟುಗತ್ತಿಯಾಗುತ್ತದೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದರಲ್ಲಿ ‘ಹುಳಿ’, ಇನ್ನೊಂದರಲ್ಲಿ ‘ಸಾರು’ ಕುದಿಯುತ್ತಿರುತ್ತದೆ, ಪಾತ್ರೆಯೊಳಗೆ ಇರುವುದು ಹೆಚ್ಚುಕಡಿಮೆ ಒಂದೇ. ಆ ಹೆಸರು ಕೇಳಿಯೇ ಜಾತಿಯನ್ನು ಊಹಿಸುವವರು ನಮ್ಮ ನಡುವೆ ಇದ್ದಾರೆ. ಹೊಲದ ಕೆಲಸ, ಹೆರಿಗೆ, ಸಾವು, ಬೈಗುಳ, ಜೋಗುಳ ಇವುಗಳ ಪದಗಳನ್ನು ಬೇರೆ ಬೇರೆ ದಿನಗಳಿಗೆ ಇಟ್ಟುಕೊಳ್ಳಿ. ಒಂದು ಕೂರಾಟಕ್ಕೆ ಮುಕ್ಕಾಲು ಗಂಟೆ ಸಾಕು.

ಬರೆಯುವಾಗ ತಿದ್ದಬೇಡಿ

ತುಳು, ಕೊಡವ, ಬ್ಯಾರಿ, ಕೊಂಕಣಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆಯಬಹುದು. ತುಳುವಿನ ಮಟ್ಟಿಗಂತೂ ಬಾಸೆಲ್ ಮಿಶನ್ನಿನವರ ಕಾಲದಿಂದ ಅಚ್ಚಾದದ್ದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿಯೇ. ತುಳುವಿನ ಹಳೆಯ ಲಿಪಿಯಾದ ತುಳು-ತಿಗಳಾರಿಗೆ 2024ರಲ್ಲಿ ಕಂಪ್ಯೂಟರಿನ ಅಕ್ಷರಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದೆ. ಆದರೆ ಮನೆಯವರು ಓದಲಾರದ ಲಿಪಿಯಲ್ಲಿ ಮನೆಯ ಚರಿತ್ರೆ ಬರೆದರೆ ಅದು ಅಲಂಕಾರಕ್ಕಷ್ಟೇ ಆದೀತು. ಕನ್ನಡ ಲಿಪಿ ಸೋಲುವ ಜಾಗಗಳೂ ಇವೆ. ತುಳುವಿನಲ್ಲಿ ‘ಯಾನ್ ಬತ್ತೆ’ ಎಂದರೆ ನಾನು ಬಂದೆ, ‘ಆಯೆ ಬತ್ತೆ’ ಎಂದರೆ ಅವನು ಬಂದ. ಬರೆಹದಲ್ಲಿ ಎರಡೂ ‘ಬತ್ತೆ’. ಬಾಯಲ್ಲಿ ಮೊದಲನೆಯದರ ಕೊನೆಯ ಸ್ವರಕ್ಕೆ ಬಾಯಿ ಹೆಚ್ಚು ತೆರೆಯುತ್ತದೆ. ಇಂಥ ಕಡೆ ನಿಮ್ಮದೇ ಒಂದು ಗುರುತು ಮಾಡಿಕೊಂಡು, ಅದರ ವಿವರಣೆಯನ್ನು ಮೊದಲ ಪುಟದಲ್ಲಿ ಬರೆದಿಡಿ. ನಾನು ತೆರೆದ ಸ್ವರದ ಕೆಳಗೆ ಒಂದು ಅಡ್ಡಗೆರೆ ಎಳೆದಿದ್ದೇನೆ.

ಕನ್ನಡದ ಒಳಗಿನ ಬಗೆಗಳನ್ನು ಬರೆಯುವಾಗ ಪ್ರಲೋಭನೆ ಇನ್ನೂ ದೊಡ್ಡದು. ತಂದೆಯ ಊರಿನ ‘ಹೋಪ’, ‘ಬಪ್ಪ’, ‘ಕಾಂಬ’ ಎಂಬ ಮಾತುಗಳನ್ನು ಬರೆಯುವಾಗ ನನ್ನ ಕೈ ತಾನಾಗಿ ‘ಹೋಗೋಣ’, ‘ಬರೋಣ’, ‘ನೋಡೋಣ’ ಎಂದು ತಿದ್ದುತ್ತಿತ್ತು. ಹಳಗನ್ನಡ ಓದಿದವರಿಗೆ ಆ ಪಕಾರ ಎಲ್ಲಿಂದ ಬಂದಿದೆಯೆಂದು ಗೊತ್ತು. ಅದು ತಪ್ಪಾಗಿ ಉಳಿದದ್ದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ದೆಸೆ ದೆಸೆಗೂ ಕನ್ನಡ ಬೇರೆಯಾಗಿರುವುದರಿಂದ ಕನ್ನಡಗಳ ದೋಷವನ್ನು ಇಷ್ಟೆಂದು ಎಣಿಸಹೊರಟರೆ ವಾಸುಕಿಯೂ ಬೇಸರಪಟ್ಟಾನೆಂದು ಹೇಳಿದೆ.

ತಿರುವುಗಳನ್ನು ಹುಡುಕುವುದು

ಮನೆಯ ಮಾತು ಸುಮ್ಮನೆ ಬದಲಾಗುವುದಿಲ್ಲ. ವಲಸೆ, ಮದುವೆ, ನೌಕರಿ, ಶಾಲೆ, ಸರಕಾರ ಇವುಗಳಲ್ಲಿ ಯಾವುದೋ ಒಂದು ಅದನ್ನು ತಿರುಗಿಸಿರುತ್ತದೆ. ಅಜ್ಜ ಓದಿದ್ದು ಯಾವ ಸರಕಾರದ ಶಾಲೆಯಲ್ಲಿ ಎಂಬ ಪ್ರಶ್ನೆಯನ್ನು ಮರೆಯಬೇಡಿ. 1956ರ ನವೆಂಬರ್ 1ರ ಮೊದಲು ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ನಿಜಾಮರ ಸೀಮೆಯ ಬೀದರ, ಕಲಬುರಗಿಗಳಲ್ಲಿ ಓದಿದ ಅಜ್ಜಂದಿರು ಮನೆಯಲ್ಲಿ ಕನ್ನಡ ಆಡಿ ಉರ್ದುವಿನಲ್ಲಿ ಪರೀಕ್ಷೆ ಬರೆದವರು. ಅವರು ವಿಶ್ವವಿದ್ಯಾಲಯಕ್ಕೆ ಹೋಗಿದ್ದರೆ 1918ರಲ್ಲಿ ಆರಂಭವಾದ ಉಸ್ಮಾನಿಯಾದಲ್ಲಿಯೂ ಬೋಧನೆ ಉರ್ದುವಿನಲ್ಲಿತ್ತು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೇ ಮರಾಠಿಯ ನಡುವೆ ಕನ್ನಡಕ್ಕೆ ಜಾಗ ಮಾಡಿಕೊಡಲು. ಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ನಡೆದ 1982ರ ಗೋಕಾಕ್ ಚಳವಳಿಯ ಕಾಲಕ್ಕೆ ಹೈಸ್ಕೂಲಿನಲ್ಲಿದ್ದವರು ಮನೆಯಲ್ಲಿದ್ದರೆ, ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಂಡಿದ್ದರೋ ಕನ್ನಡವೋ, ಏಕೆ, ಯಾರ ಮಾತಿನಂತೆ ಎಂದು ಕೇಳಿ. ಉತ್ತರ ಬಹುಮಟ್ಟಿಗೆ ‘ಅಂಕ ಹೆಚ್ಚು ಬರುತ್ತಿತ್ತು’ ಎಂದೇ ಇರುತ್ತದೆ.

ನೆನಪನ್ನು ಕಾಗದದೊಡನೆ ಹೋಲಿಸಿ. ಟ್ರಂಕಿನಲ್ಲಿರುವ ವರ್ಗಾವಣೆ ಪತ್ರ, ಮರಾಠಿ ಬರೆಯುತ್ತಿದ್ದ ಹಳೆಯ ಮೋಡಿ ಲಿಪಿಯಲ್ಲಿಯೋ ಉರ್ದುವಿನಲ್ಲಿಯೋ ಇರುವ ಜಮೀನಿನ ಹಳೆಯ ಕಾಗದ, ಅಂಗಡಿಯ ಲೆಕ್ಕದ ಪುಸ್ತಕ, ಪತ್ರಗಳು ಎಲ್ಲವನ್ನೂ ಹೊರತೆಗೆಯಿರಿ. ಇವೆಲ್ಲಕ್ಕಿಂತ ಮದುವೆಯ ಕರೆಯೋಲೆಗಳು ಹೆಚ್ಚು ಮಾತಾಡುತ್ತವೆ. ನಮ್ಮ ಮನೆಯ ನಾಲ್ಕು ಕರೆಯೋಲೆಗಳನ್ನು ಸಾಲಾಗಿ ಇಟ್ಟಾಗ ಮೊದಲ ಎರಡು ಕನ್ನಡದಲ್ಲಿ, ಮೂರನೆಯದು ಒಂದು ಬದಿ ಕನ್ನಡ, ಒಂದು ಬದಿ ಇಂಗ್ಲಿಷು, ನಾಲ್ಕನೆಯದರಲ್ಲಿ ಗಣಪತಿಯ ಚಿತ್ರದ ಕೆಳಗಿನ ಒಂದು ಸಾಲು ಮಾತ್ರ ಕನ್ನಡ. ತುಳುವಿನಲ್ಲಿ ಒಂದೂ ಇಲ್ಲ. ಮನೆ ತುಂಬ ಆಡಿದ ಮಾತು ಒಂದು ಕರೆಯೋಲೆಗೂ ಏರಲಿಲ್ಲವೇಕೆ ಎಂದು ತಾಯಿಯನ್ನು ಕೇಳಿದಾಗ, ‘ತುಳುವಿನಲ್ಲಿ ಯಾರಾದರೂ ಬರೆಯುತ್ತಾರಾ?’ ಎಂದು ಅವರು ನನ್ನನ್ನೇ ಕೇಳಿದರು.

ನಾಚಿಕೆಯ ಪುಟ

ಇದನ್ನು ಮೊದಲ ದಿನ ಕೇಳಬೇಡಿ. ಯಾವ ಮಾತನ್ನಾಡಿದ್ದಕ್ಕೆ ಯಾರು ನಕ್ಕರು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬರುವುದು ನಾಲ್ಕನೆಯ ಐದನೆಯ ಕೂರಾಟದಲ್ಲಿ. ‘ಹಾಲು’ ಎನ್ನುವ ಕಡೆ ‘ಆಲು’ ಎಂದದ್ದಕ್ಕೆ ತರಗತಿಯಲ್ಲಿ ಎದ್ದು ನಿಲ್ಲಿಸಿಕೊಂಡವರು, ಆ ಭಯದಲ್ಲಿ ಮುಂದೆ ‘ಆನೆ’ಯನ್ನೂ ‘ಹಾನೆ’ ಎಂದು ಮತ್ತೆ ನಗೆಪಾಟಲಾದವರು ಬೇಕಾದಷ್ಟು ಜನ. ಇದು ಉಚ್ಚಾರದ ಪ್ರಶ್ನೆಯಂತೆ ಕಾಣುತ್ತದೆ; ಹಕಾರವನ್ನು ಕಿವಿಗೊಟ್ಟು ಕೇಳುವವನು ನಿಜದಲ್ಲಿ ಕೇಳಿಸಿಕೊಳ್ಳುತ್ತಿರುವುದು ಜಾತಿಯನ್ನು, ಹಳ್ಳಿಯನ್ನು. ಜಾತಿಯಿಂದ ಜಾತಿಗೆ ಕನ್ನಡ ಹೇಗೆ ಬದಲಾಗುತ್ತದೆ ಎಂಬುದನ್ನು ವಿಲಿಯಂ ಬ್ರೈಟ್‌ರಂಥ ವಿದ್ವಾಂಸರು 1960ರ ಆಸುಪಾಸಿನಲ್ಲಿಯೇ ಬರೆದಿದ್ದಾರೆ. ಕೆಲಸದ ಸಂದರ್ಶನಗಳಲ್ಲಿ, ಹೆಣ್ಣು ನೋಡುವ ಶಾಸ್ತ್ರಗಳಲ್ಲಿ ಅದು ಈಗಲೂ ನಡೆಯುತ್ತಿದೆ.

ನಕ್ಕವರು ನಿಮ್ಮ ಮನೆಯವರೇ ಆಗಿರಬಹುದು, ಅದನ್ನೂ ಬರೆಯಿರಿ. ನನ್ನ ತಾಯಿ ಮದುವೆಯಾಗಿ ಬಂದ ಹೊಸತರಲ್ಲಿ ಅಜ್ಜನ ಎದುರು ತುಳು ಆಡುವಂತಿರಲಿಲ್ಲವಂತೆ. ನನ್ನೊಡನೆ ಅಡುಗೆಮನೆಯಲ್ಲಿ ತುಳು, ಜಗಲಿಗೆ ಬಂದರೆ ಕುಂದಗನ್ನಡ. ಹೊಸ್ತಿಲು ದಾಟುವಾಗ ಮಾತು ಬದಲಾಗುವುದನ್ನು ನಾನು ಎಲ್ಲ ಮನೆಗಳ ಸಹಜ ಪದ್ಧತಿ ಎಂದು ಬಹಳ ಕಾಲ ತಿಳಿದಿದ್ದೆ. ಇಂಥ ಸಂಗತಿಯನ್ನು ಯಾರಾದರೂ ಹೇಳಿ, ಮರುದಿನ ‘ಅದನ್ನು ತೆಗೆದುಬಿಡು’ ಎಂದರೆ ಮರುಮಾತಿಲ್ಲದೆ ತೆಗೆಯಿರಿ.

ಕೊನೆಗೆ ಆ ಖಾನೆ

ಇಷ್ಟೆಲ್ಲ ಆದ ಮೇಲೆ ‘ಮಾತೃಭಾಷೆ’ ಎಂಬ ಖಾನೆಗೆ ಮರಳಬಹುದು. ಅದರ ಅರ್ಥ ಎಲ್ಲ ಕಡೆ ಒಂದೇ ಅಲ್ಲ. ಜನಗಣತಿಯ ಪ್ರಕಾರ, ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆಯೇ ಮಾತೃಭಾಷೆ. ತಾಯಿ ಶೈಶವದಲ್ಲಿಯೇ ತೀರಿಕೊಂಡಿದ್ದರೆ ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಅಂದರೆ ಒಂದೇ ಮನೆಯವರ ಉತ್ತರಗಳು ಬೇರೆ ಬೇರೆಯಾಗಬಹುದು. ಜೊತೆಗೆ ತಿಳಿದಿರುವ ಇನ್ನೆರಡು ಭಾಷೆಗಳನ್ನೂ ಹೇಳಬಹುದು. ಶಾಲೆಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ, ಕರ್ನಾಟಕದ ಭಾಷಾ ನೀತಿಯ ಮೊಕದ್ದಮೆಯಲ್ಲಿಯೇ, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆತಾಯಿ ಅಥವಾ ಪೋಷಕರು ಎಂದಿತು. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಮಾಡಲಾಗಿದೆ. ಗಣತಿದಾರರು ಬಂದಾಗ ಮನೆಯ ಯಜಮಾನ ಎಲ್ಲರ ಪರವಾಗಿ ಒಂದೇ ಪದ ಹೇಳಿ ಮುಗಿಸದೆ, ಪ್ರತಿಯೊಬ್ಬರ ಉತ್ತರವನ್ನು ಬೇರೆಯಾಗಿ ಬರೆಸಿ.

ಬರೆಸಿದ ಪದ ಮುಂದೆ ಏನಾಗುತ್ತದೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. 2011ರಲ್ಲಿ ಜನರು ಹೇಳಿದ ಮಾತೃಭಾಷೆಯ ಹೆಸರುಗಳು 19,569. ಪರಿಶೀಲನೆಯ ನಂತರ ಅವು 1,369 ಆದವು, ಹತ್ತು ಸಾವಿರಕ್ಕೂ ಹೆಚ್ಚು ಜನ ಆಡುವ ಭಾಷೆಗಳೆಂದು ಪ್ರಕಟವಾದದ್ದು 121. ನೀಲಗಿರಿಯ ಬಡಗ ಕನ್ನಡದ ಲೆಕ್ಕದಲ್ಲಿ ಸೇರಿದೆ. ನಮ್ಮ ತಾಂಡಾಗಳ ಲಂಬಾಣಿ ಹಿಂದಿಯ ಲೆಕ್ಕದಲ್ಲಿ ಸೇರಿದೆ. ತುಳು ಆಡುವವರ ಸಂಖ್ಯೆ 18.46 ಲಕ್ಷ. ಆ ಅಂಕಿಯಲ್ಲಿ ನಾನಿಲ್ಲ, ಏಕೆಂದರೆ ಆ ವರ್ಷ ನಮ್ಮ ಮನೆಯವರೆಲ್ಲರಿಗೂ ‘ಕನ್ನಡ’ ಎಂದು ಬರೆಸಿದ್ದು ನಾನೇ. ಗಣತಿಯ ಅರ್ಥದಲ್ಲಿ ನನ್ನ ಮಾತೃಭಾಷೆ ತುಳು, ನನ್ನ ಮಗಳದು ಧಾರವಾಡದ ಕನ್ನಡ.

ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು, ಧ್ವನಿಯ ಕಡತಗಳೊಡನೆ ಕನಿಷ್ಠ ಎರಡು ಕಡೆ ಇಡಿ. ಒಂದು ಪ್ರತಿ ಬೇರೆ ಊರಿನಲ್ಲಿರುವ ನೆಂಟರ ಮನೆಯಲ್ಲಿರಲಿ. ನಕ್ಷೆಯನ್ನು ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ಹೊಸ ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಹಳೆಯದನ್ನು ಹರಿಯದೆ ಜೊತೆಗಿಡಿ. ನಮ್ಮಲ್ಲಿ ಈಗ ಅಂಥ ಎರಡು ಹಾಳೆಗಳಿವೆ. ಮೊದಲನೆಯದರಲ್ಲಿ ನನ್ನ ತಾಯಿಗೂ ಮಗಳಿಗೂ ನಡುವಿನ ತುಳು ಗೆರೆಗೆ ಎರಡು ಬಾಣಗಳಿದ್ದವು. ಎರಡನೆಯದರಲ್ಲಿ ಒಂದೇ ಇದೆ, ಅದು ಅಜ್ಜಿಯಿಂದ ಹೊರಟು ಮೊಮ್ಮಗಳ ಕಡೆಗೆ ಹೋಗುತ್ತದೆ.